ತಲೆಯೊಳಗೆ ಇವತ್ತು ಎಷ್ಟು ಇಂಚು?

ಜುಲೈ ತಿಂಗಳಲ್ಲಿ ಕೊಡಗಿನವರು ಒಬ್ಬರಿಗೊಬ್ಬರು ಫೋನ್ ಮಾಡಿದರೆ 'ಚೆನ್ನಾಗಿದ್ದೀರಾ' ಅನ್ನುವ ಮೊದಲೇ 'ನಿಮ್ಮಲ್ಲಿ ಎಷ್ಟು ಇಂಚು?' ಅಂತ ಕೇಳುತ್ತಾರೆ. ಕಾಫಿ ತೋಟ ಇರುವ ಎಷ್ಟೋ ಮನೆಗಳ ಅಂಗಳದಲ್ಲಿ ಮಳೆ ಮಾಪಕ ಇರುತ್ತದೆ. ಬೆಳಿಗ್ಗೆ ಕೊಡೆ ಹಿಡಿದು ಹೋಗಿ, ಅದರಲ್ಲಿ ನಿಂತ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಇಂಚು ಎಷ್ಟು, ಸೆಂಟ್ ಎಷ್ಟು ಅಂತ ಡೈರಿಯಲ್ಲಿ ಬರೆಯಬೇಕು. ನೂರು ಸೆಂಟ್ ಸೇರಿದರೆ ಒಂದು ಇಂಚು.

ನಮ್ಮ ಮನೆಯಲ್ಲಿ ಇದು ಮಾವನ ಕೆಲಸ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಅವರು ಊರಲ್ಲಿರಲಿಲ್ಲ. ನಾನೇ ಹೋಗಿ ಅಳೆದೆ, ಬರೆದೆ, ನೀರನ್ನು ಜೋಪಾನವಾಗಿ ಮತ್ತೆ ಮಾಪಕಕ್ಕೇ ಸುರಿದು ಬಂದೆ! ಕೂಡುತ್ತಾ ಹೋಗಬೇಕು ಅಂದುಕೊಂಡಿದ್ದೆ. ಮೂರನೇ ದಿನ ನೋಡಿದರೆ ಪಕ್ಕದ ತೋಟಕ್ಕಿಂತ ನಮ್ಮಲ್ಲಿ ಮೂರರಷ್ಟು ಮಳೆ. ಮಾವ ಬಂದು ಡೈರಿ ನೋಡಿ ನಕ್ಕರು. "ನಿನ್ನೆಯದನ್ನು ಚೆಲ್ಲದಿದ್ದರೆ ಇವತ್ತಿನದು ಎಷ್ಟು ಅಂತ ಹೇಗೆ ಗೊತ್ತಾಗುತ್ತದಮ್ಮ?"

ಆ ಮಾತು ನನಗೆ ನಿಜವಾಗಿ ಅರ್ಥವಾಗಿದ್ದು 2018ರ ನಂತರ. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದವು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ. ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೂ ಹೆಂಚಿನ ಮೇಲೆ ಮಳೆ ಜೋರಾದ ಕೂಡಲೇ ಎದ್ದು ಕೂರುವುದು ಅಭ್ಯಾಸವಾಯಿತು. ಎದ್ದ ಮೇಲೆ ಗುಡ್ಡದ ಚಿಂತೆ ಒಂದೇ ಬರುತ್ತದೆಯೇ? ಬ್ಯಾಂಕಿನ ಕಂತು, ಕಾಫಿ ರೇಟು, ತೋಟಕ್ಕೆ ಇಳಿದ ಆನೆ, ಬೆಂಗಳೂರಲ್ಲಿರುವ ಮಗಳು, ಎಲ್ಲವೂ ಸಾಲಾಗಿ ಬರುತ್ತವೆ. ಕೊನೆಗೆ ಆಪ್ತಸಮಾಲೋಚಕಿಯೊಬ್ಬರ ಹತ್ತಿರ ಹೋದೆ. ಚಿಂತೆ ಇಳಿಸಲು ಅವರು ಹೇಳಿಕೊಟ್ಟದ್ದನ್ನು ನಾನು ಮಳೆ ಡೈರಿಗೆ ಹೊಂದಿಸಿಕೊಂಡೆ. ಮಾಡುವುದು ಹೀಗೆ.

ಹಂತ 1: ಮೊದಲು ಮೈ, ಆಮೇಲೆ ಮನಸ್ಸು

ಹೆದರಿಕೆ ಆದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕತ್ತು ಬಿಗಿಯುತ್ತದೆ, ಉಸಿರು ಮೇಲೆಮೇಲೆ ಆಡುತ್ತದೆ. ಎದುರಿಗೆ ಆನೆ ಬಂದರೆ ಓಡಲು ಇದೆಲ್ಲ ಬೇಕು. ಬ್ಯಾಂಕಿನಿಂದ ಫೋನ್ ಬಂದರೂ ಮೈ ಹೀಗೇ ಸಿದ್ಧವಾಗುತ್ತದೆ ಅನ್ನುವುದೇ ಕಷ್ಟ. ಆ ಹೊತ್ತಿನಲ್ಲಿ ನಿಮಗೆ ನೀವೇ ಬುದ್ಧಿ ಹೇಳಿಕೊಂಡರೆ ಕಿವಿಗೆ ಹೋಗುವುದಿಲ್ಲ.

ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ. ಆರು ಅಥವಾ ಎಂಟು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ ಇರಬೇಕು. ಮಳೆಗಾಲದಲ್ಲಿ ಹಸಿ ಸೌದೆಗೆ ಊದುಗೊಳವೆಯಿಂದ ಊದಿದವರಿಗೆ ಇದು ಗೊತ್ತೇ ಇದೆ. ಜೋರಾಗಿ ಊದಿದರೆ ಬೂದಿ ಮುಖಕ್ಕೆ ಹಾರುತ್ತದೆ, ಸಣ್ಣಗೆ, ಉದ್ದಕ್ಕೆ ಊದಿದರೆ ಕೆಂಡ ಕೆಂಪಾಗುತ್ತದೆ. ಹಾಗೆ ಐದು ನಿಮಿಷ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ ಮಾಮೂಲಿನಂತೆ ಉಸಿರಾಡಿ.

ಹಂತ 2: ಅಳೆದು ಬರೆಯಿರಿ

ಒಂದು ನೋಟ್‌ಬುಕ್ ಸಾಕು. ಇವತ್ತಿನ ತಾರೀಖು ಹಾಕಿ. ತಲೆಯಲ್ಲಿ ಓಡುತ್ತಿರುವುದನ್ನು ಒಂದು ಪೂರ್ತಿ ವಾಕ್ಯವಾಗಿ ಬರೆಯಿರಿ. 'ಟೆನ್ಶನ್' ಅಂತ ಬರೆದರೆ ಆಗುವುದಿಲ್ಲ. ಅದು 'ಮಳೆ ಬಂತು' ಅಂದ ಹಾಗೆ. ಎಷ್ಟು ಬಂತು, ಎಲ್ಲಿ ಬಂತು? 'ಈ ವರ್ಷ ಕಂತು ಕಟ್ಟಲು ಆಗುವುದಿಲ್ಲ, ಊರಲ್ಲಿ ಮರ್ಯಾದೆ ಹೋಗುತ್ತದೆ', ಹೀಗೆ ಬರೆಯಬೇಕು. ಪಕ್ಕದಲ್ಲಿ ಅದು ಎಷ್ಟು ಕಾಡುತ್ತಿದೆ ಅಂತ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಹಾಕಿ. ನನ್ನ ಪುಸ್ತಕದಲ್ಲಿ ಅದಕ್ಕೆ ಸೆಂಟ್ ಅಂತಲೇ ಹೆಸರು.

ಇದು ನನ್ನ ಕಂಡುಹಿಡಿಕೆಯಲ್ಲ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಒಂದು ಸಂಗತಿ ಗಮನಿಸಿದರು. ಖಿನ್ನತೆ ಇರುವವರ ತಲೆಯಲ್ಲಿ ಕೆಲವು ಯೋಚನೆಗಳು ಕರೆಯದೇ ಬರುತ್ತವೆ, ಬಂದದ್ದನ್ನು ಅವರು ಪರೀಕ್ಷೆ ಮಾಡದೆ ನಿಜ ಅಂತ ನಂಬಿಬಿಡುತ್ತಾರೆ. ಅಂಥ ಯೋಚನೆಯನ್ನು ಹಿಡಿದು ಪ್ರಶ್ನೆ ಕೇಳುವ ಚಿಕಿತ್ಸೆ ಅಲ್ಲಿಂದ ಬೆಳೆಯಿತು. ಹಿಡಿಯಲು ಸುಲಭದ ದಾರಿ ಕಾಗದ.

ಹಂತ 3: ಸಾಕ್ಷಿ ಕೇಳಿ

ಕಷ್ಟದ ಹಂತ ಇದೇ. ನನ್ನದೇ ಒಂದು ಪುಟ ಹೇಳುತ್ತೇನೆ.

ಒಂದು ಡಿಸೆಂಬರ್. ಕುಯ್ದ ಕಾಫಿ ಕಣದಲ್ಲಿ ಒಣಗುತ್ತಿತ್ತು. ರಾತ್ರಿ ಅಕಾಲ ಮಳೆ. ಟಾರ್ಪಾಲ್ ಎಳೆಯುವಷ್ಟರಲ್ಲಿ ಒಂದು ಮೂಲೆ ಪೂರ್ತಿ ನೆನೆಯಿತು. ಪುಸ್ತಕದಲ್ಲಿ ಬರೆದೆ: 'ಈ ವರ್ಷದ್ದು ಎಲ್ಲ ಹೋಯಿತು. ನನ್ನ ಕೈಯಲ್ಲಿ ಯಾವತ್ತೂ ಏನೂ ಸರಿಯಾಗುವುದಿಲ್ಲ.' ಸೆಂಟ್ 90.

ಆಮೇಲೆ ಪುಟದ ನಡುವೆ ಒಂದು ಗೆರೆ ಎಳೆದೆ. ಎಡಗಡೆ, ಇದು ನಿಜ ಅನ್ನುವುದಕ್ಕೆ ಏನು ಸಾಕ್ಷಿ? ಸುಮಾರು ಹನ್ನೆರಡು ಮೂಟೆಯಷ್ಟು ನೆನೆದಿದೆ. ಬೂಷ್ಟು ಹಿಡಿದರೆ ರೇಟು ಕಡಿಮೆ ಮಾಡುತ್ತಾರೆ. ಅಷ್ಟೇ, ಮೂರನೆಯದು ಹೊಳೆಯಲಿಲ್ಲ. ಬಲಗಡೆ, ಅಲ್ಲ ಅನ್ನುವುದಕ್ಕೆ? ಕಣದ ಮುಕ್ಕಾಲು ಭಾಗ ಟಾರ್ಪಾಲ್ ಅಡಿಯಲ್ಲಿ ಒಣಗಿಯೇ ಇದೆ. ರೊಬಸ್ಟಾ ಜಾತಿಯ ಕಾಫಿ ಇನ್ನೂ ಗಿಡದಲ್ಲಿದೆ. ಹಿಂದೊಮ್ಮೆ ನೆನೆದದ್ದನ್ನು ತೆಳ್ಳಗೆ ಹರಡಿ, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿ ಉಳಿಸಿಕೊಂಡಿದ್ದೆವು. 'ಯಾವತ್ತೂ ಏನೂ' ಅಂದೆನಲ್ಲ, ಹೋದ ವಾರವಷ್ಟೇ ಪಂಪ್‌ಸೆಟ್ ರಿಪೇರಿ ಮಾಡಿಸಿದ್ದು ನಾನೇ ಅಲ್ವಾ?

ಕೆಳಗೆ ಹೊಸ ವಾಕ್ಯ: 'ಹನ್ನೆರಡು ಮೂಟೆಗೆ ರೇಟು ಕಡಿಮೆ ಸಿಗಬಹುದು. ನಾಳೆ ಬಿಸಿಲು ಬಂದರೆ ಹರಡಬೇಕು, ಇಬ್ಬರು ಆಳು ಬೇಕು.' ಸೆಂಟ್ 50. ಗಮನಿಸಿ, ಸೊನ್ನೆ ಆಗಲಿಲ್ಲ. ನಷ್ಟ ಆಗಿದ್ದು ನಿಜ, ಅದಕ್ಕೆ ಬೇಜಾರೂ ಇದೆ. ಹೆಚ್ಚುವರಿ ನಲವತ್ತು ಮಾತ್ರ ನಿನ್ನೆ ಮೊನ್ನೆಯ ನೀರು.

'ಪಾಸಿಟಿವ್ ಆಗಿ ಯೋಚಿಸಿ' ಎನ್ನುವ ಉಪದೇಶ ನನಗೆ ಆಗಿಬರುವುದಿಲ್ಲ. 'ಎಲ್ಲ ಹಾಳಾಯಿತು' ಅನ್ನುವುದು ಹೇಗೆ ಅಳತೆ ಇಲ್ಲದ ಮಾತೋ, 'ಎಲ್ಲ ಒಳ್ಳೆಯದಾಗುತ್ತದೆ' ಅನ್ನುವುದೂ ಹಾಗೆಯೇ. ಬರೆದ ವಾಕ್ಯದಲ್ಲಿ 'ಎಲ್ಲ', 'ಯಾರೂ', 'ಯಾವತ್ತೂ' ಇದ್ದರೆ ಅಡಿಗೆರೆ ಹಾಕಿ, ಪ್ರಶ್ನೆ ಅಲ್ಲಿಂದ ಶುರು ಮಾಡಿ.

ಇನ್ನೊಂದು ಮಾತು. ಸಾಕ್ಷಿ ಕೇಳಿದಾಗ ಕೆಲವೊಮ್ಮೆ ಹೆದರಿಕೆಯೇ ಗೆಲ್ಲುತ್ತದೆ. ಮನೆಯ ಹಿಂದಿನ ಬರೆಯಲ್ಲಿ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯಲ್ಲಿ, ಹೊಸ ಬಿರುಕು ಬಿಟ್ಟಿದೆ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಗಾಗಿದೆ, ಮರ ವಾಲಿದೆ ಅಂದರೆ ಅದು ನೆಗೆಟಿವ್ ಯೋಚನೆ ಅಲ್ಲ. ಪುಸ್ತಕ ಮುಚ್ಚಿ, ಮನೆಯವರನ್ನು ಕರೆದುಕೊಂಡು ನೆಂಟರ ಮನೆಗೋ ಕಾಳಜಿ ಕೇಂದ್ರಕ್ಕೋ ಹೊರಡಿ. ಉಸಿರಾಟ ಅಲ್ಲಿ ಹೋಗಿ ಮಾಡಬಹುದು.

ಹಂತ 4: ಚೆಲ್ಲಲು ಒಂದು ಹೊತ್ತು

ಯೋಚನೆ ಮಾಡಬೇಡ ಅಂದರೆ ಮನಸ್ಸು ಅದನ್ನೇ ಮಾಡುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ 'ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ' ಅಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ನಮ್ಮಲ್ಲೂ ಗಾದೆ ಕಥೆ ಇದೆಯಲ್ಲ, ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂತ.

ಹಾಗಾಗಿ ಬೇಡ ಅನ್ನುವ ಬದಲು 'ಆಮೇಲೆ' ಅನ್ನಿ. ದಿನಕ್ಕೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ, ಚಿಂತೆಗೆಂದೇ ಇಡಿ. ಒಂದೇ ಹೊತ್ತು, ಒಂದೇ ಜಾಗ. ಮಲಗುವ ಕೋಣೆ ಬೇಡ, ಮಲಗುವ ಮುಂಚಿನ ಹೊತ್ತೂ ಬೇಡ. ನಾನು ಸಂಜೆ ಐದೂವರೆಗೆ ಜಗಲಿಯಲ್ಲಿ ಕೂರುತ್ತೇನೆ. ಹಗಲಲ್ಲಿ ಚಿಂತೆ ಬಂದರೆ ಒಂದು ಪದ ಗೀಚಿಟ್ಟು, 'ಐದೂವರೆಗೆ ಬಾ' ಅಂತ ಕಳಿಸುವುದು. ಆ ಹೊತ್ತಿಗೆ ಪಟ್ಟಿ ತೆಗೆದರೆ ಅರ್ಧದಷ್ಟಕ್ಕೆ ಆಗಲೇ ಜೀವ ಇರುವುದಿಲ್ಲ. ಉಳಿದವುಗಳಲ್ಲಿ ನಾಳೆ ಏನಾದರೂ ಮಾಡಬಹುದಾದದ್ದಕ್ಕೆ ಒಂದು ಕೆಲಸ ಬರೆಯಿರಿ, ಲೈನ್‌ಮನ್‌ಗೆ ಫೋನ್, ಬ್ಯಾಂಕಿಗೆ ಹೋಗಿ ಕಂತಿನ ಬಗ್ಗೆ ಕೇಳುವುದು, ಹೀಗೆ. ಮಾಡಲು ಏನೂ ಇಲ್ಲದ್ದನ್ನು ಓದಿ, ಗೆರೆ ಹೊಡೆದು ಏಳಿ. ನಾಳೆ ಮತ್ತೆ ಬಂದರೆ ನಾಳೆ ಬರೆದರಾಯಿತು. ಮೊದಲ ವಾರ ಇದು ಸುಮ್ನೆ ನಾಟಕ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಹಂತ 5: ಮನಸ್ಸಿಲ್ಲದಿದ್ದರೂ ಒಂದು ಕೆಲಸ

ಮೂಡ್ ಬರಲಿ, ಆಮೇಲೆ ಏಳೋಣ ಅಂದುಕೊಂಡರೆ ಜಡಿಮಳೆಯ ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಪೂರ್ತಿ ಮಲಗಿಯೇ ಇರಬೇಕಾಗುತ್ತದೆ. ಮೊದಲು ಕೈ ಆಡಬೇಕು, ಮೂಡ್ ಹಿಂದಿನಿಂದ ಬರುತ್ತದೆ. ಕಣಿಲೆ (ಎಳೆ ಬಿದಿರು) ಹೆಚ್ಚುವುದು, ಮಳೆ ಬಿಟ್ಟಾಗ ಗೇಟಿನವರೆಗೆ ನಡೆದು ಬರುವುದು, ಇಷ್ಟು ಸಣ್ಣದಾದರೂ ಸಾಕು. ಆದಷ್ಟು ಜನರ ಜೊತೆ ಮಾಡಿ. ಹಿಂದೆ ಈ ತಿಂಗಳಲ್ಲಿ ಗದ್ದೆಯ ನಾಟಿಗೆ ಹತ್ತಾರು ಜನ ಸೇರುತ್ತಿದ್ದರು. ಈಗ ಎಷ್ಟೋ ಗದ್ದೆ ಪಾಳು ಬಿದ್ದಿವೆ, ತೋಟದ ಮನೆಗಳು ಒಂಟಿಯಾಗಿವೆ. ನಮ್ಮ ಕಡೆಯ ಬೇಸರದಲ್ಲಿ ಇದರ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ.

ಹಂತ 6: ಎರಡು ಲೋಟಗಳ ವಿಷಯ

ಕಾಫಿ ಬೆಳೆಯುವವಳೇ ಹೇಳುತ್ತಿದ್ದೇನೆ, ಮಧ್ಯಾಹ್ನ ಮೂರರ ನಂತರ ಕಾಫಿ ಬೇಡ. ಕುಡಿದ ಕೆಫೀನ್‌ನ ಅರ್ಧ ಕಡಿಮೆಯಾಗಲು ಸಾಮಾನ್ಯವಾಗಿ ಐದು ಗಂಟೆ ಹಿಡಿಯುತ್ತದೆ. ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಎಚ್ಚರವಾಗಿಯೇ ಇರುತ್ತದೆ.

ಇನ್ನೊಂದು ಲೋಟದ ಬಗ್ಗೆ ಮಾತಾಡಿದರೆ ಕೆಲವರಿಗೆ ಸಿಟ್ಟು ಬರಬಹುದು. ಮದುವೆ, ಹಬ್ಬದ ಮಾತು ಬೇರೆ. ಚಿಂತೆ ಮರೆಯಲು ದಿನಾ ಒಂಟಿಯಾಗಿ ಕುಡಿಯುವುದು ಬೇರೆ. ಮದ್ಯ ಬೇಗ ನಿದ್ದೆ ತರುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಅದೇ ನಿದ್ದೆಯನ್ನು ಕೆಡಿಸುತ್ತದೆ. ತುಂಬಾ ದಿನದಿಂದ ಜಾಸ್ತಿ ಕುಡಿಯುತ್ತಿರುವವರು ಒಮ್ಮೆಲೇ ಬಿಡಬಾರದು, ಡಾಕ್ಟರ ಸಲಹೆಯಲ್ಲೇ ಬಿಡಬೇಕು.

ಹಂತ 7: ಪುಸ್ತಕಕ್ಕೆ ಮೀರಿದರೆ

ಎರಡು ವಾರವಾದರೂ ಬೇಸರ ಇಳಿಯದಿದ್ದರೆ, ನಿದ್ದೆ, ಊಟ, ಕೆಲಸ ಕೆಟ್ಟರೆ ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ನಂಬರ್ 14416. ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ನೆಟ್‌ವರ್ಕ್ ಸಿಗುವ ಆ ಒಂದು ಬಂಡೆ ನಿಮ್ಮ ತೋಟದಲ್ಲೂ ಇದ್ದೇ ಇರುತ್ತದೆ, ಅಲ್ಲಿಗೆ ಹೋಗಿ ಮಾಡಿ. ಬದುಕುವುದೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ. ಆಗಲೇ ಮನೆಯ ಒಬ್ಬರಿಗೆ ಹೇಳಿ, ಒಂಟಿಯಾಗಿ ಇರಬೇಡಿ. ಅಂಥವರು ಮನೆಯಲ್ಲಿದ್ದರೆ ತೋಟಕ್ಕೆ ಹೊಡೆಯುವ ಔಷಧಿ ಮತ್ತು ಕೋವಿಯನ್ನು ಬೀಗ ಹಾಕಿಟ್ಟು, ಕೀಲಿಯನ್ನು ಬೇರೆಯವರ ಹತ್ತಿರ ಕೊಡಿ. ಇದರಲ್ಲಿ ಮುಜುಗರ ಪಡಬೇಡಿ.

ಹಂತ 8: ಮಳೆ ಇಲ್ಲದ ದಿನವೂ ಬರೆಯಿರಿ

ನಾನು ತುಂಬಾ ತಡವಾಗಿ ಕಲಿತದ್ದು ಇದು. ಮಾವನ ಹಳೆಯ ಡೈರಿ ತಿರುವುತ್ತಿದ್ದೆ. ಜನವರಿ, ಫೆಬ್ರವರಿಯ ಪುಟಗಳಲ್ಲಿ ಖಾಲಿ ಬಿಟ್ಟಿರುತ್ತಾರೆ ಅಂದುಕೊಂಡಿದ್ದೆ. ಇಲ್ಲ, ದಿನಾ ಒಂದೊಂದು ಸೊನ್ನೆ. ಖಾಲಿ ಬಿಟ್ಟರೆ ಅಳೆಯಲು ಮರೆತದ್ದೋ ಮಳೆ ಬಾರದ್ದೋ ಗೊತ್ತಾಗುವುದಿಲ್ಲವಲ್ಲ. ನನ್ನ ಪುಸ್ತಕದಲ್ಲಿ ಕೆಟ್ಟ ದಿನಗಳು ಮಾತ್ರ ಇದ್ದವು. ಅದನ್ನು ಓದಿದ ಯಾರಿಗಾದರೂ ಈಕೆಗೆ ವರ್ಷವಿಡೀ ಜಡಿಮಳೆ ಅನ್ನಿಸಬೇಕು. ಈಗ ಕಡಿಮೆ ಸೆಂಟಿನ ದಿನವೂ ಬರೆಯುತ್ತೇನೆ, ಯಾಕೆ ಕಡಿಮೆ ಅಂತ ಅರ್ಧ ಸಾಲು ಸೇರಿಸಿ.

ಇವತ್ತು ಬೆಳಿಗ್ಗೆಯದು: ಮಳೆ 2 ಇಂಚು 15 ಸೆಂಟ್. ತಲೆ 30. ಮಗಳು ಫೋನ್ ಮಾಡಿದ್ದಳು, ಎಷ್ಟು ಇಂಚು ಅಂತ ಕೇಳಿದಳು.