ಆನೆ ಕಾಸಿನ ಹಿಂಬದಿ: ನಾಣ್ಯ ಮೇಳದಲ್ಲಿ ನನ್ನ ಅನುಭವ

ನಾಣ್ಯ ಮೇಳದಲ್ಲಿ ಮೊದಲ ಸಲ ಟೇಬಲ್ ಹಾಕುವವರು ಬೆಳಿಗ್ಗೆ ಬಂದ ಕೂಡಲೇ ತಮ್ಮ ಸರಕು ಜೋಡಿಸೋಕೆ ಕೂರುತ್ತಾರೆ. ಬಟ್ಟೆ ಹಾಸಿ, ಆಲ್ಬಂ ತೆರೆದು, ಬೆಲೆ ಚೀಟಿ ಅಂಟಿಸಿ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಬ್ಯಾಗನ್ನು ಬಾವಮೈದುನನ ಕೈಗೆ ಕೊಟ್ಟು ಮೊದಲು ಬೇರೆಯವರ ಟೇಬಲ್ ಸುತ್ತಿ ಬರುತ್ತೇನೆ. ಜನಕ್ಕೆ ಬಾಗಿಲು ತೆರೆಯುವ ಮುಂಚಿನ ಆ ಒಂದೂವರೆ ಗಂಟೆಯಲ್ಲಿ ವ್ಯಾಪಾರಿಗಳು ತಮ್ಮತಮ್ಮಲ್ಲೇ ಕೊಟ್ಟು ತಗೊಳ್ಳುತ್ತಾರೆ. ನನ್ನ ಮೂರು ದಿನದ ಲಾಭದಲ್ಲಿ ಅರ್ಧ ಅಲ್ಲೇ ಹುಟ್ಟುತ್ತದೆ. ದುಬಾರಿಗೆ ಕೊಂಡ ನಾಣ್ಯವನ್ನು ಎಷ್ಟು ಚೆನ್ನಾಗಿ ಮಾತಾಡಿ ಮಾರಿದರೂ ಬಸ್ ಚಾರ್ಜು ಸಹ ಗಿಟ್ಟೋದಿಲ್ಲ.

ನಾನು ಚಿತ್ರದುರ್ಗದವನು. ರಾತ್ರಿ ಬಸ್ ಹತ್ತಿದರೆ ಬೆಳಗಿನ ಜಾವ ಮೆಜೆಸ್ಟಿಕ್. ಮೇಳ ನಡೆದದ್ದು ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ. ಮೆಜೆಸ್ಟಿಕ್‌ನಿಂದ ನಡೆದೇ ಹೋಗುವಷ್ಟು ಹತ್ತಿರ, ಆದರೆ ತಾಮ್ರದ ಕಾಸು ತುಂಬಿದ ಬ್ಯಾಗ್ ಹೆಗಲಿಗಿದ್ದರೆ ಆಟೋನೇ ಬೇಕು.

ಈ ಸಲ ಮೂರನೇ ಟೇಬಲ್‌ನಲ್ಲೇ ನಿಂತುಬಿಟ್ಟೆ. ಆಂಧ್ರದ ಕಡೆಯಿಂದ ಬಂದ ಹಿರಿಯರೊಬ್ಬರು ಸ್ಟೀಲ್ ತಟ್ಟೆಯಲ್ಲಿ ಟಿಪ್ಪು ಕಾಲದ ತಾಮ್ರದ ಪೈಸೆಗಳನ್ನು ರಾಶಿ ಹಾಕಿದ್ದರು. "ಯಾವುದನ್ನಾದರೂ ತಗೊಳ್ಳಿ, ನೂರೈವತ್ತು" ಅಂದರು. ಒಂದೊಂದೂ 11 ಗ್ರಾಂ ಆಸುಪಾಸು ತೂಗುವ ದಪ್ಪ ಕಾಸು. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಪರ್ಷಿಯನ್ ಅಕ್ಷರ. ನನ್ನ ಪಕ್ಕ ನಿಂತಿದ್ದ ಇಬ್ಬರು ಆನೆ ಚೆನ್ನಾಗಿ ಉಳಿದಿರುವುದನ್ನೇ ಆರಿಸುತ್ತಿದ್ದರು. ಸೊಂಡಿಲು, ದಂತ, ಬಾಲ ಎಲ್ಲಾ ಸ್ಪಷ್ಟವಾಗಿದ್ದರೆ ಒಂದು ಕಡೆ ತೆಗೆದಿಡುತ್ತಿದ್ದರು. ನಾನು ಒಂದೊಂದನ್ನೇ ಮಗುಚಿ ಹಿಂಬದಿ ನೋಡುತ್ತಾ ಹೋದೆ. ಕಾಸು ಯಾವ ಊರಿನ ಟಂಕಸಾಲೆಯದು, ಅಂದರೆ ಎಲ್ಲಿ ಅಚ್ಚು ಹಾಕಿದ್ದು ಅಂತ ಬರೆದಿರುವುದು ಅಲ್ಲೇ ಅಲ್ವಾ.

ಜಾಸ್ತಿ ಸಿಗುವುದು "ಪಟನ್", ಅಂದರೆ ಶ್ರೀರಂಗಪಟ್ಟಣ. ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನ ಕಾಸೂ ಸಾಕಷ್ಟು ಬರುತ್ತದೆ. ನಾನು ಹುಡುಕುತ್ತಿದ್ದದ್ದು "ಫರ್ರುಖ್‌ಯಾಬ್ ಹಿಸಾರ್". ಇದು ನಮ್ಮ ಚಿತ್ರದುರ್ಗಕ್ಕೆ ಟಿಪ್ಪು ಇಟ್ಟ ಹೆಸರು. 1779ರಲ್ಲಿ ಹೈದರಾಲಿ ಮದಕರಿ ನಾಯಕರಿಂದ ಕೋಟೆ ಗೆದ್ದುಕೊಂಡ ಮೇಲೆ ಊರು ಹೈದರ್, ಟಿಪ್ಪು ಕೈಗೆ ಹೋಯಿತು. ಆಮೇಲೆ ಇಲ್ಲಿ ಟಂಕಸಾಲೆಯೂ ನಡೆಯಿತು. ಕಷ್ಟ ಏನೆಂದರೆ ಆಂಧ್ರದ ಗುತ್ತಿ ಕೋಟೆಯ ಕಾಸಿನ ಮೇಲೂ "ಹಿಸಾರ್" ಅಂತಲೇ ಇರುತ್ತದೆ, ಅದು "ಫೈಜ್ ಹಿಸಾರ್". ಹಿಸಾರ್ ಅಂತ ಓದಿ ಖುಷಿಪಟ್ಟು ಕೊಂಡರೆ ಮನೆಗೆ ಬಂದ ಮೇಲೆ ಗುತ್ತಿ ಆಗಿರುತ್ತದೆ. ಹಿಸಾರ್‌ಗಿಂತ ಮೊದಲಿನ ಪದ ಓದಬೇಕು. ಫೈಜ್ ಪುಟ್ಟ ಪದ. ಫರ್ರುಖ್‌ಯಾಬ್ ಉದ್ದ, ಜಾಗ ಹಿಡಿಯುತ್ತದೆ.

ಇದನ್ನು ಓದೋಕೆ ನಾನು ಪರ್ಷಿಯನ್ ಕಲಿತವನಲ್ಲ. ನಮ್ಮೂರಿನ ಉರ್ದು ಮೇಷ್ಟ್ರೊಬ್ಬರು ಊರುಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದರು. ಎರಡು ತಿಂಗಳು ಚಿತ್ರ ನೋಡುವ ಹಾಗೆ ನೋಡಿ ನೋಡಿ ಕಣ್ಣಿಗೆ ಕೂರಿಸಿಕೊಂಡೆ. ಇನ್ನೊಂದು ಉಪಾಯವಿದೆ. ಸವೆದ ಕಾಸಿನ ಮೇಲೆ ಟಾರ್ಚನ್ನು ನೇರವಾಗಿ ಬಿಡಬಾರದು. ಮೊಬೈಲ್ ಟಾರ್ಚನ್ನು ಕಾಸಿನ ಅಂಚಿನ ಮಟ್ಟಕ್ಕೆ ಇಳಿಸಿ ಅಡ್ಡಡ್ಡ ಬೆಳಕು ಹಾಯಿಸಿದರೆ, ಮಾಸಿದ ಅಕ್ಷರಕ್ಕೂ ಒಂದು ಎಳೆ ನೆರಳು ಬೀಳುತ್ತದೆ. ಹಾಗೆ ನೋಡುವಾಗ, ಆನೆಯ ತಲೆಯೇ ಸವೆದುಹೋದ ಕಪ್ಪು ಕಾಸೊಂದರಲ್ಲಿ ಮೊದಲು ಹಿಸಾರ್ ಕಂಡಿತು, ಆಮೇಲೆ ಅದಕ್ಕಿಂತ ಮೊದಲಿನ ಪದದ "ಯಾಬ್" ಕಂಡಿತು. ಎದೆ ಹೊಡೆದುಕೊಂಡಿತು. ರಾಶಿ ಮುಗಿಯುವ ಹೊತ್ತಿಗೆ ಅಂಥದ್ದು ಎರಡು ಸಿಕ್ಕವು. ಒಟ್ಟು 22 ಕಾಸು ಆರಿಸಿದೆ. 3300 ಆಗುತ್ತಿತ್ತು, ಸ್ವಲ್ಪ ಚೌಕಾಸಿ ಮಾಡಿ 3000ಕ್ಕೆ ಮುಗಿಸಿದೆ.

ಹತ್ತು ಗಂಟೆಗೆ ಬಾಗಿಲು ತೆರೆಯಿತು. ನನ್ನ ಬೋಣಿ ಯಾವಾಗಲೂ ಮಕ್ಕಳಿಂದ. ಟೇಬಲ್ ಮುಂದೆ, ಅವರ ಕೈಗೆ ಎಟುಕುವ ಹಾಗೆ, ಒಂದು ಡಬ್ಬಿ ಇಡುತ್ತೇನೆ. ಯಾವುದು ತಗೊಂಡರೂ 20 ರೂಪಾಯಿ. ಅಲ್ಯುಮಿನಿಯಂ ಪೈಸೆಗಳು, ನಯಾ ಪೈಸೆ, ಅಂಚು ಅಲೆಅಲೆಯಾಗಿರುವ 10 ಪೈಸೆ. ತಾವರೆ ಹೂವಿನ ಹಳದಿ 20 ಪೈಸೆಯನ್ನು ಸ್ವಲ್ಪ ಜಾಸ್ತಿ ಬೆಲೆಗೆ ಪಕ್ಕದಲ್ಲಿ ಇಡುತ್ತೇನೆ. ದೊಡ್ಡ ವ್ಯಾಪಾರಿಗಳು ಇದನ್ನು ಕಿರಿಕಿರಿ ಅನ್ನುತ್ತಾರೆ. ಆದರೆ ನನ್ನ ಟೇಬಲ್ ಬಾಡಿಗೆ ಕಟ್ಟಿಕೊಡುವುದು ಈ ಡಬ್ಬಿಯೇ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಆರು ಮೂಲೆಯ 3 ಪೈಸೆ ಎತ್ತಿಕೊಂಡು, "ಅಂಕಲ್, ಮೂರು ಪೈಸಾ ಯಾಕೆ ಬೇಕಿತ್ತು?" ಅಂತ ಕೇಳಿದಳು. ನಾನು ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸಿದೆ. ರೂಪಾಯಿಗೆ ಮೊದಲು 16 ಆಣೆ. 1957ರಿಂದ 100 ಪೈಸೆ. ಹಾಗಾದರೆ ಹಳೇ ಅರ್ಧ ಆಣೆ ಅಂದರೆ ಹೆಚ್ಚುಕಡಿಮೆ 3 ಪೈಸೆ. ಅವಳು ಕೇಳಿಕೊಂಡು, ಇನ್ನೊಂದನ್ನೂ ತಗೊಂಡು, "ಇದು ಅಜ್ಜಿಗೆ" ಅಂದಳು.

ಬರುವವರಲ್ಲಿ ಇನ್ನೊಂದು ಗುಂಪಿದೆ. ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯ ಹಿಡಿದು "ಇದಕ್ಕೆ ಹತ್ತು ಲಕ್ಷ ಕೊಡ್ತಾರಂತೆ" ಅಂತ ಬರುವವರು. ದಿನಕ್ಕೆ ನಾಲ್ಕೈದು ಜನ. ಅವರನ್ನು ನೋಡಿ ನಗಬಾರದು. ಕೆಲವರು ಆಗಲೇ ಯಾರಿಗೋ ನೋಂದಣಿ ಶುಲ್ಕ ಅಂತ ಸಾವಿರಾರು ರೂಪಾಯಿ ಕಳಿಸಿ ಮೋಸ ಹೋಗಿರುತ್ತಾರೆ. ಹಳೇ ನಾಣ್ಯ ಕೊಳ್ಳುವ ವ್ಯವಹಾರ ತನ್ನದಲ್ಲ, ತನ್ನ ಹೆಸರಲ್ಲಿ ಯಾರೂ ಶುಲ್ಕ ಕೇಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿತ್ತು. ಅದನ್ನು ಕೂರಿಸಿ ಹೇಳುತ್ತೇನೆ. ಹಾಗೇ ಹನುಮಂತನ ಚಿತ್ರ, 1818 ಅಂತ ಇಸವಿ ಇರುವ ಈಸ್ಟ್ ಇಂಡಿಯಾ ಕಂಪನಿ ಕಾಸು. ಕಂಪನಿ ಅಂಥದ್ದನ್ನು ಅಚ್ಚು ಹಾಕಿಸಿಯೇ ಇಲ್ಲ. ಅದು ಅಯಸ್ಕಾಂತದ ಹಾಗೆ ಅಕ್ಕಿಕಾಳು ಎಳೆಯುವ ಪವಾಡದ ಕಾಸು ಅಂತ ನಂಬಿ ಜಮೀನು ಮಾರಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಶನಿವಾರ ಮಧ್ಯಾಹ್ನ ಮೊಮ್ಮಗನ ಜೊತೆ ಒಬ್ಬ ಅಜ್ಜಿ ಬಂದರು. ಬಟ್ಟೆ ಚೀಲದಲ್ಲಿ ಹಳೇ ಒಂದು ರೂಪಾಯಿಯ 31 ನಾಣ್ಯ. ಪಕ್ಕದವರು ಒಟ್ಟಿಗೆ ಒಂದು ಬೆಲೆ ಹೇಳಿ ಕಳಿಸಿದ್ದರಂತೆ. ನಾನು ಟೇಬಲ್ ಮೇಲೆ ಮೂರು ಗುಂಪು ಮಾಡಿದೆ. ರಾಣಿ ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ 19. ಇವು ತಲಾ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ 45ರವರೆಗಿನವು 8, ಇವುಗಳಲ್ಲಿ ಬೆಳ್ಳಿ ಅರ್ಧಕ್ಕರ್ಧ. ಹುಲಿ ಚಿತ್ರದ 1947ರವು 4, ನಿಕಲ್, ಬೆಳ್ಳಿಯೇ ಇಲ್ಲ. ಆ ದಿನದ ಬೆಳ್ಳಿ ದರ ಮೊಬೈಲ್‌ನಲ್ಲಿ ತೆಗೆದು ಮೊಮ್ಮಗನ ಕೈಲೇ ಗುಣಾಕಾರ ಮಾಡಿಸಿದೆ. ಅದು ತಳದ ಬೆಲೆ. ಅದರ ಮೇಲೆ ನಾಣ್ಯ ಎಷ್ಟು ಚೆನ್ನಾಗಿದೆ ಅನ್ನುವುದಕ್ಕೆ ತಕ್ಕ ಹಾಗೆ ಸೇರಿಸಬೇಕು. ಆದರೆ ಮಾರೋಕೆ ತರುವ ಮುಂಚೆ ಅಜ್ಜಿ ಎಲ್ಲವನ್ನೂ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದ್ದರು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ನೂರು ವರ್ಷ ಕೂತ ಬಣ್ಣ ಹೋದರೆ ಸಂಗ್ರಾಹಕರು ಮುಟ್ಟುವುದಿಲ್ಲ, ಬೆಳ್ಳಿ ಬೆಲೆಯಷ್ಟೇ ಉಳಿಯುತ್ತದೆ.

ಉಜ್ಜದೇ ಉಳಿದದ್ದು ಒಂದೇ. ಸೆರಗಿನ ಗಂಟಿನಿಂದ ಬೇರೆಯಾಗಿ ತೆಗೆದರು. ಕುಂಕುಮದ ಡಬ್ಬಿಯಲ್ಲಿ ಇದ್ದದ್ದಂತೆ, ಅಕ್ಷರಗಳ ಸಂದಿಯಲ್ಲಿ ಇನ್ನೂ ಕೆಂಪು ಇತ್ತು. ಐದನೇ ಜಾರ್ಜ್, 1911. ರಾಜನ ಮೈಮೇಲಿನ ಪದಕದ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಗಲಾಟೆ ಮಾಡಿ, ಮುಂದಿನ ವರ್ಷ ಸರ್ಕಾರ ಅಚ್ಚನ್ನೇ ಬದಲಿಸಿದ ರೂಪಾಯಿ. ಭೂತಗನ್ನಡಿ ಕೊಟ್ಟು ಅಜ್ಜಿಗೇ ತೋರಿಸಿದೆ. ಉಳಿದವುಗಳಲ್ಲಿ ಐದು ನಾಣ್ಯಕ್ಕೆ ಕೊಡುವಷ್ಟು ಬೆಲೆ ಇದೊಂದಕ್ಕೇ ಕೊಡುತ್ತೇನೆ ಅಂದೆ. ಸ್ವಲ್ಪ ಹೊತ್ತು ನೋಡಿ, "ಬೇಡಪ್ಪ, ಇದು ನಮ್ಮತ್ತೆ ಕೊಟ್ಟಿದ್ದು" ಅಂತ ಮತ್ತೆ ಗಂಟು ಹಾಕಿಕೊಂಡರು. ಬೆಳ್ಳಿಯ 27ನ್ನೂ ನನಗೇ ಕೊಟ್ಟರು. ನಿಕಲ್‌ನ ನಾಲ್ಕು ಮೊಮ್ಮಗನಿಗಾಯಿತು.

ಅವತ್ತೇ ಸಂಜೆ ನಾನೊಂದು ತಪ್ಪು ಮಾಡಿದೆ. ಜನ ಮುತ್ತಿಕೊಂಡಿದ್ದರು, ಊಟ ಆಗಿರಲಿಲ್ಲ. ಒಬ್ಬರು 1835ರ, ಬ್ರಿಟನ್ನಿನ ರಾಜ ನಾಲ್ಕನೇ ವಿಲಿಯಂನ ತಲೆಯಿರುವ ರೂಪಾಯಿ ಐದು ತಂದರು. ನಾಲ್ಕು ನೋಡಿ, ಐದನೆಯದನ್ನೂ ಅದೇ ಜಾತಿ ಅಂದುಕೊಂಡು ದುಡ್ಡು ಎಣಿಸಿಬಿಟ್ಟೆ. ಇದೂ 11.66 ಗ್ರಾಂ ಇರಬೇಕು, ರಾತ್ರಿ ರೂಮಿನಲ್ಲಿ ತಕ್ಕಡಿಗಿಟ್ಟರೆ 10 ಗ್ರಾಂ ಕೂಡ ಇಲ್ಲ. ಅಂಚಿನ ಸುತ್ತ ಎರಕದ ಗೆರೆ, ಅಕ್ಷರದ ಬುಡದಲ್ಲಿ ಸೂಜಿಮೊನೆಯಂಥ ತೂತುಗಳು. ಅಚ್ಚು ಹೊಡೆದ ನಾಣ್ಯಕ್ಕೆ ಇವು ಬರುವುದೇ ಇಲ್ಲ. ಆ ನಕಲಿಯನ್ನು ಮತ್ತೆ ಯಾರಿಗೂ ದಾಟಿಸಲಿಲ್ಲ. ಚೂಪು ಮೊಳೆಯಿಂದ ಅಡ್ಡ ಗೀರು ಹಾಕಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ, ಹೊಸಬರಿಗೆ ತೋರಿಸೋಕೆ. ಭಾನುವಾರದಿಂದ ತಕ್ಕಡಿ ಟೇಬಲ್ ಮೇಲೇ ಇರುತ್ತದೆ. ಎದುರಿಗಿರುವವರು ಎಷ್ಟೇ ಪರಿಚಯದವರಾಗಲಿ, ಐದಿದ್ದರೆ ಐದನ್ನೂ ತೂಗುತ್ತೇನೆ.

ಭಾನುವಾರ ಬೆಳಿಗ್ಗೆ ಒಬ್ಬ ಹುಡುಗ ಕಾಗದದ ಪೊಟ್ಟಣ ಬಿಚ್ಚಿದ. ಮೈಸೂರು ಅರಸರ ಕಾಲದ ಪುಟ್ಟ ಚಿನ್ನದ ನಾಣ್ಯ, ಮೂರು ಕಂಠೀರವ ಹಣ. ಬೇಳೆಕಾಳಿನಷ್ಟು ಚಿನ್ನ, ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ. ಮೇಲೆ ಇನ್ನೂ ಹಸಿ ಮಣ್ಣು. "ಎಲ್ಲಿ ಸಿಕ್ತು?" ಅಂದರೆ "ಪಾಯ ತೆಗೆಯುವಾಗ" ಅಂದ. ಪೊಟ್ಟಣ ಮಡಚಿ ವಾಪಸ್ ಕೊಟ್ಟೆ. ನೆಲದಲ್ಲಿ ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ, ತಹಶೀಲ್ದಾರರ ಕಚೇರಿಗೆ ಹೋಗಿ ಹೇಳು ಅಂದೆ. ಹೋದನೋ ಇಲ್ಲವೋ ಗೊತ್ತಿಲ್ಲ. ಆದರೆ ಅಂಥ ನಾಣ್ಯ ನನ್ನ ಟೇಬಲ್ ಮೇಲೆ ಬರಬಾರದು.

ಸಂಜೆ ಐದಕ್ಕೆ ಸಾಮಾನು ಕಟ್ಟುವಾಗ ಹೊಳಲ್ಕೆರೆ ಕಡೆಯ ನಿವೃತ್ತ ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು. ದುರ್ಗದ ಕಾಸು ಸಿಕ್ಕರೆ ಎತ್ತಿಡು ಅಂತ ಎರಡು ವರ್ಷದಿಂದ ಹೇಳುತ್ತಿದ್ದವರು. ಎರಡನ್ನೂ ಅಂಗೈ ಮೇಲಿಟ್ಟೆ. ಒಂದರಲ್ಲಿ ಆನೆ ಪೂರ್ತಿ ಇತ್ತು, ಊರಿನ ಹೆಸರು ಅರ್ಧ. ಇನ್ನೊಂದರಲ್ಲಿ ಆನೆಗೆ ತಲೆಯಿಲ್ಲ, ಹೆಸರು ಪೂರ್ತಿ. ಟಾರ್ಚ್ ಅಡ್ಡ ಹಿಡಿದು, ಕಡ್ಡಿಯ ತುದಿಯಿಂದ ಒಂದೊಂದೇ ಅಕ್ಷರ ತೋರಿಸಿದೆ. ಅವರು ತಲೆಯಿಲ್ಲದ ಆನೆಯನ್ನೇ ಆರಿಸಿ 1800 ಎಣಿಸಿದರು. "ನಮ್ಮೂರ ಹೆಸರು ಇನ್ನೊಂದ್ಸಲ ತೋರಿಸಪ್ಪ" ಅಂದರು. ತೋರಿಸಿದೆ.