ಅಪ್ಪನ ಕಂಪ್ಯೂಟರಿಗೆ ಹಣ ಕೊಟ್ಟೆ, ನನ್ನದಕ್ಕೆ ಕೊಡಲಿಲ್ಲ

2025ರ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಒಂದು ಸಂದೇಶ ಬಂತು: ಆಂಟಿವೈರಸ್ ನವೀಕರಣಕ್ಕೆ ನಾಳೆ ನಿಮ್ಮ ಕಾರ್ಡಿನಿಂದ 2,199 ರೂಪಾಯಿ ಕಡಿತವಾಗಲಿದೆ. ಹಿಂದಿನ ವರ್ಷ ಅದನ್ನೇ 599 ರೂಪಾಯಿಗೆ ಕೊಂಡಿದ್ದೆ. ಸ್ವಯಂ ನವೀಕರಣಕ್ಕೆ ಒಪ್ಪಿಗೆಯ ಗುರುತು ಆಗಲೇ ಬಿದ್ದಿತ್ತು, ನಾನು ಗಮನಿಸಿರಲಿಲ್ಲ. ಇಂಥ ಕಡಿತದ ಬಗ್ಗೆ 24 ಗಂಟೆ ಮೊದಲೇ ಗ್ರಾಹಕರಿಗೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಆ ನಿಯಮ ನನ್ನ ಹಣ ಉಳಿಸಿತು. ಬ್ಯಾಂಕಿನ ಆ್ಯಪ್ ತೆರೆದು ಆದೇಶ ರದ್ದು ಮಾಡಿ, ಮುಂದೇನು ಎಂದು ಯೋಚಿಸತೊಡಗಿದೆ.

ನಾನು ಮೈಸೂರಿನಲ್ಲಿ ಮನೆಯಿಂದಲೇ ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತೇನೆ. ಇಲ್ಲಿ ನನ್ನದೊಂದು, ಮಗಳದೊಂದು ಲ್ಯಾಪ್‌ಟಾಪ್. ಕೊಪ್ಪದ ಹತ್ತಿರದ ಊರಿನಲ್ಲಿ ಅಪ್ಪನ ಹಳೆಯ ಡೆಸ್ಕ್‌ಟಾಪ್. ಮೂರಕ್ಕೂ ಒಂದೇ ಪರವಾನಗಿ ಇತ್ತು.

ವೃತ್ತಿಯ ರೂಢಿಯಿಂದ ಕಂಪ್ಯೂಟರಿನ ತೊಂದರೆಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿದಾಗ ಹೆದರಿ ಶುರು ಮಾಡಿದ ಅಭ್ಯಾಸ ಅದು. ಆ ದಾಳಿ ನುಸುಳಿದ ರಂಧ್ರಕ್ಕೆ ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ವಿಂಡೋಸ್ ಅಪ್‌ಡೇಟ್ ಮಾಡಿಕೊಂಡಿದ್ದವರು ಬಚಾವಾದರು. ಯಾವ ಆಂಟಿವೈರಸ್ ಕೊಳ್ಳಬೇಕೆಂದು ಕೇಳುವವರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಎಂಟು ವರ್ಷಗಳಲ್ಲಿ ಏಳು ನಮೂದುಗಳಿದ್ದವು. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ಪೆನ್‌ಡ್ರೈವ್ ವೈರಸ್ ಎರಡು ಸಲ, ಒಂದು ಜೆರಾಕ್ಸ್ ಅಂಗಡಿಯಿಂದ, ಇನ್ನೊಂದು ಅಪ್ಪನ ಮನೆಗೆ ಬಂದ ನೆಂಟರಿಂದ. ಬಿಲ್ ಎಂದು ಇಮೇಲ್‌ನಲ್ಲಿ ಬಂದ ಜಿಪ್ ಕಡತದೊಳಗೆ ಅವಿತಿದ್ದ ಪ್ರೋಗ್ರಾಂ ಒಮ್ಮೆ. ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ ಎಂದು ಬ್ರೌಸರಿನಲ್ಲಿ ಪರದೆ ತುಂಬ ಕೂಗುವ ಪುಟ ಎರಡು ಸಲ. ಕೆವೈಸಿ ನೆಪದಲ್ಲಿ ಅಪ್ಪನಿಂದ ಪರದೆ ಹಂಚುವ ಆ್ಯಪ್ ಹಾಕಿಸಲು ನೋಡಿದ ಫೋನ್ ಕರೆ ಒಮ್ಮೆ. ಕೊನೆಯದು ಕೆಟ್ಟುಹೋದ ಹಾರ್ಡ್‌ಡಿಸ್ಕ್. ನಿಜವಾಗಿ ನಷ್ಟವಾದದ್ದು ಅದರಿಂದ ಮಾತ್ರ: ಎರಡು ಅಂಗಡಿಗಳ ಮೂರು ತಿಂಗಳ ಲೆಕ್ಕವನ್ನು ಬಿಲ್ಲುಗಳಿಂದ ಮತ್ತೆ ಬರೆಯಬೇಕಾಯಿತು.

ಈ ಏಳರಲ್ಲಿ ಆಂಟಿವೈರಸ್ ನಿಭಾಯಿಸಬಹುದಾದವು ಮೊದಲ ಮೂರು. ಆ ಮೂರೂ ಹಳೆಯ ಜಾತಿಯವು, ಅವುಗಳಿಗೆ ಹಲವು ಸೌಲಭ್ಯ ಸೇರಿಸಿ ಮಾರುವ ದುಬಾರಿ ಆಂಟಿವೈರಸ್ ಸೂಟ್ ಬೇಕಿಲ್ಲ. ಉಳಿದ ನಾಲ್ಕಕ್ಕೆ ಬೇಕಿದ್ದದ್ದು ಜಾಹೀರಾತು ತಡೆಯುವ ಬ್ರೌಸರ್ ವಿಸ್ತರಣೆ, ಮನೆಯವರ ಎಚ್ಚರ ಮತ್ತು ಬ್ಯಾಕಪ್.

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ರಕ್ಷಣಾ ತಂತ್ರಾಂಶದ ಮೇಲೆ ನಮ್ಮ ಕಡೆ ಇಂದಿಗೂ ಅನುಮಾನವಿದೆ. ಕಾರಣ ವಿಂಡೋಸ್ 7ರ ಕಾಲದ್ದು; ಆಗ ಅದು ಸ್ಪೈವೇರ್ ಮಾತ್ರ ನೋಡುತ್ತಿತ್ತು. ಪೂರ್ಣ ಆಂಟಿವೈರಸ್ ಆದದ್ದು 2012ರ ವಿಂಡೋಸ್ 8ರಿಂದ. ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆ ಎಂದು ತಲಾ 6 ಅಂಕ ಕೊಡುತ್ತದೆ. ಇತ್ತೀಚಿನ ವರ್ಷಗಳ ಪಟ್ಟಿ ತೆಗೆದರೆ ರಕ್ಷಣೆಯಲ್ಲಿ ಡಿಫೆಂಡರ್ ಹೆಚ್ಚಿನ ಸಲ ಪೂರ್ಣ 6 ಪಡೆದಿರುವುದು ಕಾಣುತ್ತದೆ.

ಹಣ ಕೊಡದೆ ಸಿಗುವ ಬೇರೆ ಆಂಟಿವೈರಸ್‌ಗಳನ್ನು ನಾನು ಹಾಕಿಕೊಳ್ಳಲಿಲ್ಲ. ಅವಾಸ್ಟ್ ತನ್ನ ಬಳಕೆದಾರರು ನೋಡಿದ ತಾಣಗಳ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರಲ್ಲಿ ಬಯಲಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದಕ್ಕೆ 1.65 ಕೋಟಿ ಡಾಲರ್ ತೆರುವಂತೆ ಮಾಡಿತು. ಜಂಪ್‌ಶಾಟ್ 2020ರಲ್ಲೇ ಮುಚ್ಚಿತ್ತು. ಆದರೂ ಬೇರೆಯವರ ಲೆಕ್ಕಪತ್ರ ಇರುವ ಯಂತ್ರದಲ್ಲಿ, ಎಲ್ಲ ಕಡತಗಳನ್ನೂ ನೋಡುವ ಅಧಿಕಾರವಿರುವ ತಂತ್ರಾಂಶವೊಂದು ಯಾರ ಹಣದಿಂದ ನಡೆಯುತ್ತಿದೆ ಎಂದು ತಿಳಿಯದೆ ಇಡಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಮೈಸೂರಿನ ಲ್ಯಾಪ್‌ಟಾಪ್‌ಗಳಿಗೆ ಡಿಫೆಂಡರ್ ಸಾಕೆಂದು ನಿರ್ಧರಿಸಿದೆ. ಆದರೆ ಹಳೆಯ ಸೂಟ್ ಸುಲಭಕ್ಕೆ ಹೋಗಲಿಲ್ಲ. ಸೆಟ್ಟಿಂಗ್ಸ್‌ನಿಂದ ತೆಗೆದ ಮೇಲೂ ಅದರ ಚೂರು ಉಳಿದು, ಡಿಫೆಂಡರ್ ಏಳಲೇ ಇಲ್ಲ. ತಯಾರಕರೇ ಕೊಡುವ ಪ್ರತ್ಯೇಕ ತೆಗೆಯುವ ಉಪಕರಣ ಓಡಿಸಿ, ಕಂಪ್ಯೂಟರನ್ನು ಮತ್ತೆ ಆರಂಭಿಸಿದ ಮೇಲೆ ಎದ್ದಿತು. ಎಚ್ಚರವಾಗಿದೆಯೇ ಎಂದು ನೋಡಲು ಐಕಾರ್ ಪರೀಕ್ಷಾ ಕಡತ ಇಳಿಸಿದೆ. ಅದು 68 ಅಕ್ಷರಗಳ ನಿರುಪದ್ರವಿ ಸಾಲು. ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ ಎಂದೇ ಹಿಡಿಯಬೇಕೆಂಬ ಒಪ್ಪಂದವಿದೆ. ಡಿಫೆಂಡರ್ ಕೂಡಲೇ ಹಿಡಿಯಿತು. ಇದರಿಂದ ಕಾವಲುಗಾರ ಎದ್ದಿದ್ದಾನೆ ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ಜಾಣ ಎಂಬುದು ಗೊತ್ತಾಗುವುದಿಲ್ಲ.

ಸೂಟ್ ಹೋದ ಮೇಲೆ ಇನ್ನೊಂದು ನೆಮ್ಮದಿಯಾಯಿತು. ನನ್ನ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಅದು ಮೇಲಿಂದ ಮೇಲೆ ಹಿಡಿದು ಕೂಡಿಹಾಕುತ್ತಿತ್ತು. ಒತ್ತಿದ ಕೀಲಿಯನ್ನು ನಡುವೆಯೇ ತಡೆದು ಕನ್ನಡ ಅಕ್ಷರವಾಗಿ ಬದಲಿಸುವುದು ಅಂಥ ತಂತ್ರಾಂಶದ ಕೆಲಸ. ಕೀಲಿ ಕದಿಯುವ ಪ್ರೋಗ್ರಾಂ ಕೂಡ ಹಾಗೆಯೇ ನಡುವೆ ಕೂರುತ್ತದೆ. ಅನುಮಾನ ಸಹಜವೇ, ಆದರೆ ಪತ್ರ ಬರೆಯಲು ಕುಳಿತಾಗಲೆಲ್ಲ ವಿನಾಯಿತಿ ಕೊಡುತ್ತಾ ಕೂರಲಾಗುತ್ತಿರಲಿಲ್ಲ.

ಆಮೇಲೆ ರ‍್ಯಾನ್ಸಮ್‌ವೇರ್ ರಕ್ಷಣೆಯನ್ನು, ಅಂದರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂಗಳ ವಿರುದ್ಧದ ಕಾವಲನ್ನು, ಚಾಲೂ ಮಾಡಿದೆ. ವಿಂಡೋಸ್‌ನಲ್ಲಿ ಅದು ಇರುತ್ತದೆ, ಆದರೆ ನಾವೇ ಚಾಲೂ ಮಾಡಬೇಕು. ಮಾಡಿದ ದಿನ ನನ್ನ ಲೆಕ್ಕದ ತಂತ್ರಾಂಶಕ್ಕೇ ಕಡತ ಉಳಿಸಲು ಬಿಡಲಿಲ್ಲ. ಅನುಮತಿ ಪಟ್ಟಿಗೆ ಸೇರಿಸಿದ ಮೇಲೆ ಸರಿಹೋಯಿತು. ಮಗಳ ಖಾತೆಯಿಂದ ಅಡ್ಮಿನ್ ಅಧಿಕಾರ ತೆಗೆದೆ. ಎರಡು ದಿನ ಮುನಿಸಿಕೊಂಡಳು. ಉಳಿಸಿದ ಹಣಕ್ಕೆ ಇನ್ನಷ್ಟು ಸೇರಿಸಿ ಹೊರಗಿನ ಹಾರ್ಡ್‌ಡಿಸ್ಕ್ ಕೊಂಡೆ. ಪ್ರತಿ ಶನಿವಾರ ಬ್ಯಾಕಪ್ ತೆಗೆದು ಕೇಬಲ್ ಕಳಚಿ ಬೀರುವಿನಲ್ಲಿಡುತ್ತೇನೆ. ಕಳಚಲೇಬೇಕು, ಸದಾ ಸಿಕ್ಕಿಸಿಟ್ಟ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ.

ಅಪ್ಪನ ಯಂತ್ರಕ್ಕೂ ಇದೇ ಏರ್ಪಾಡು ಸಾಕೆಂದುಕೊಂಡಿದ್ದೆ. ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಇನ್ನೊಂದು ಪರೀಕ್ಷಾ ಸಂಸ್ಥೆಯ ವರದಿ ಓದಿ ಮನಸ್ಸು ಬದಲಿಸಿದೆ. ಅವರು ಇಂಟರ್‌ನೆಟ್ ಇದ್ದಾಗ ಎಷ್ಟು ಹಿಡಿಯಿತು, ಇಲ್ಲದಾಗ ಎಷ್ಟು ಎಂದು ಬೇರೆ ಬೇರೆ ಕೊಡುತ್ತಾರೆ. ಡಿಫೆಂಡರ್ ಅನುಮಾನಾಸ್ಪದ ಕಡತವನ್ನು ಮೈಕ್ರೋಸಾಫ್ಟಿನ ಸರ್ವರಿಗೆ ಕೇಳಿ ತೀರ್ಮಾನಿಸುವುದನ್ನು ಬಹಳ ನೆಚ್ಚಿಕೊಂಡಿದೆ. ಸಂಪರ್ಕ ತಪ್ಪಿದರೆ ಅದರ ಹಿಡಿತ ಎದ್ದುಕಾಣುವಷ್ಟು ಇಳಿಯುತ್ತದೆ. ಮೈಸೂರಿನಲ್ಲಿ ಈ ಮಾತಿಗೆ ಬೆಲೆಯಿಲ್ಲ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಅಪ್ಪನ ಮನೆಗೆ ದಿನಗಟ್ಟಲೆ ಇಂಟರ್‌ನೆಟ್ ಇರುವುದಿಲ್ಲ. ಯುಪಿಎಸ್ ಮೇಲೆ ಕಂಪ್ಯೂಟರ್ ನಡೆಯುತ್ತದೆ, ಪೆನ್‌ಡ್ರೈವ್‌ಗಳು ಬರುತ್ತಲೇ ಇರುತ್ತವೆ. ಹಾಗಾಗಿ ಆಫ್‌ಲೈನ್ ಅಂಕಣದಲ್ಲಿ ಮುಂದಿದ್ದು, 4 ಜಿಬಿ ಮೆಮೊರಿಗೆ ಭಾರವಾಗದ ಒಂದನ್ನು ಹುಡುಕಿ, ವಿಪಿಎನ್ ಇತ್ಯಾದಿ ಹೆಚ್ಚುವರಿ ಸೌಲಭ್ಯಗಳಿಲ್ಲದ ಕೆಳಗಿನ ದರ್ಜೆಯದನ್ನೇ ಕೊಂಡೆ. ಈ ಸಲ ಕಾರ್ಡ್ ಕೊಡದೆ, ಪೇಟೆಯ ಅಂಗಡಿಯಲ್ಲಿ ಕೀಲಿಸಂಖ್ಯೆಯ ಪೆಟ್ಟಿಗೆ ಕೊಂಡೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅಪ್ಪನ ಯಂತ್ರಕ್ಕೆ ವಿಂಡೋಸ್ 11 ಹಾಕಲಾಗುವುದಿಲ್ಲ. ಆಂಟಿವೈರಸ್ ಇದೆಯಲ್ಲ, ಸಾಕು ಎಂದು ಅಂಗಡಿಯವರು ಹೇಳಿದರು. ಸಾಲದು, ವಿಂಡೋಸ್‌ನ ರಂಧ್ರವನ್ನು ವಿಂಡೋಸ್‌ನ ತೇಪೆಯೇ ಮುಚ್ಚಬೇಕು. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಅದನ್ನು ಸೇರಿಸಿದೆ. ಅಷ್ಟರೊಳಗೆ ಹೊಸದು ಕೊಳ್ಳಬೇಕು.

ಅದಕ್ಕೂ ಮೊದಲು, ಆಗಸ್ಟ್‌ನ ಒಂದು ಸಂಜೆ ಅಪ್ಪ ಮನೆಯ ಹಿಂದಿನ ಗುಡ್ಡ ಹತ್ತಿ ಫೋನ್ ಮಾಡಿದರು. ಸಿಗ್ನಲ್ ಸಿಗುವುದು ಅಲ್ಲೇ. ಮೂರು ದಿನದಿಂದ ಇಂಟರ್‌ನೆಟ್ ಇರಲಿಲ್ಲ. ಪಕ್ಕದ ಮನೆಯವರು ಮದುವೆಯ ಫೋಟೋಗಳಿದ್ದ ಪೆನ್‌ಡ್ರೈವ್ ತಂದಿದ್ದರಂತೆ. ‘ಕೆಂಪು ಅಕ್ಷರದಲ್ಲಿ ಏನೋ ಬಂದಿದೆ, ಬರೆದುಕೊಂಡು ಬಂದಿದ್ದೇನೆ, ಓದಲೇನಮ್ಮ?’ ಎಂದು ಚೀಟಿ ನೋಡಿ ಓದಿದರು. ಪೆನ್‌ಡ್ರೈವ್‌ನೊಳಗಿನ ಕಡತವೊಂದನ್ನು ತಡೆದು ಬೇರ್ಪಡಿಸಿ ಇಡಲಾಗಿತ್ತು. ಡಿಫೆಂಡರ್ ಆಗಿದ್ದರೆ ತಪ್ಪಿಸಿಕೊಳ್ಳುತ್ತಿತ್ತು ಎಂದು ನಾನು ಹೇಳಲಾರೆ. ಏನೂ ಒತ್ತಬೇಡಿ ಅಪ್ಪ, ಪೆನ್‌ಡ್ರೈವ್ ತೆಗೆದಿಡಿ ಎಂದೆ. ಪಕ್ಕದ ಮನೆಯವರ ಲ್ಯಾಪ್‌ಟಾಪಿಗೂ ಆ ವೈರಸ್ ಹೋಗಿತ್ತು. ಮುಂದಿನ ವಾರ ಊರಿಗೆ ಹೋದಾಗ, ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಸಿಗುವ ಉಚಿತ ಉಪಕರಣದಿಂದ ಅದನ್ನು ಶುದ್ಧ ಮಾಡಿಕೊಟ್ಟು ಬಂದೆ.