ಟಿಡಿಎಸ್ ಪೆನ್ನು ನಂಬಿ ಅಮೆರಿಕದ ಬಾವಿ ನೀರು ಕುಡಿಯಬೇಡಿ

ಬೋರ್ ಹಾಕಿಸಿ, ಟ್ಯಾಂಕರ್‌ಗೆ ಕಾದು, ಕಾವೇರಿ ನೀರು ಬಿಡುವ ದಿನ ಸಂಪು ತುಂಬಿಸಿಕೊಂಡು ಪಳಗಿದ ಬೆಂಗಳೂರಿನವರಿಗೆ ನೀರಿನ ಪಾಠ ಬೇಕಿಲ್ಲ ಅನ್ನಿಸಬಹುದು. ಆದರೆ ಅಮೆರಿಕದಲ್ಲಿ ಊರಾಚೆ ಬಾವಿ ಇರುವ ಮನೆ ಕೊಂಡಾಗ ಎಡವುವವರೂ ಅವರೇ.

ಅಲ್ಲಿ ನಲ್ಲಿ ನೀರನ್ನು ಹಾಗೇ ಕುಡಿಯಬಹುದು ಎಂಬ ಮಾತು ಊರಿನ ಸರಬರಾಜಿಗೆ ಸರಿ. 1974ರ ಕುಡಿಯುವ ನೀರಿನ ಕಾಯ್ದೆ ಖಾಸಗಿ ಬಾವಿಗೆ ಅನ್ವಯಿಸುವುದಿಲ್ಲ. ನಿಮ್ಮ ಬಾವಿಗೆ ನೀವೇ ಜಲಮಂಡಳಿ. ನ್ಯೂಜೆರ್ಸಿಯಲ್ಲಿ 2002ರಿಂದ, ಬಾವಿ ಇರುವ ಮನೆ ಮಾರುವಾಗ ನೀರಿನ ಪರೀಕ್ಷೆ ಕಡ್ಡಾಯ. ಎಲ್ಲ ರಾಜ್ಯಗಳಲ್ಲೂ ಇರಬೇಕಾದ ಕಾನೂನು ಅದು, ಹೆಚ್ಚಿನ ಕಡೆ ಇಲ್ಲ.

ದುಡ್ಡು ಕಳೆಯುವ ಜಾಗಕ್ಕೆ ಬರೋಣ. ಬೆಂಗಳೂರಿನಲ್ಲಿ ನಾವು ನೀರನ್ನು ಅಳೆಯುವುದು ಒಂದೇ ಅಂಕಿಯಲ್ಲಿ: ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ. 900 ಬಂದರೆ ಉಪ್ಪು ನೀರು, 100 ಬಂದರೆ ಸಿಹಿ ನೀರು. ಆ ಅಂಕಿ ತೋರಿಸುವ ಪೆನ್ನಿನಂಥ ಮೀಟರು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನಷ್ಟೇ. ವಿಷಕಾರಿ ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. 150 ಟಿಡಿಎಸ್ ಇರುವ ನೀರಿನಲ್ಲಿ ಆರ್ಸೆನಿಕ್ ಮಿತಿಯ ಐದು ಪಟ್ಟಿದ್ದರೂ ಪೆನ್ನಿನ ಅಂಕಿ ಅಲ್ಲಾಡುವುದಿಲ್ಲ. ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದೇ ಇಲ್ಲ. ನ್ಯೂ ಹ್ಯಾಂಪ್‌ಶೈರ್, ಮೇನ್ ಕಡೆಯ ಬಂಡೆ ಕೊರೆದ ಬಾವಿಗಳಲ್ಲಿ ಆರ್ಸೆನಿಕ್ ಸಾಮಾನ್ಯ. ನೀರು ಮಾತ್ರ ತಿಳಿಯಾಗಿ, ರುಚಿಯಾಗಿಯೇ ಇರುತ್ತದೆ.

ಟಿಡಿಎಸ್ ಬಗೆಗಿನ ಈ ನಂಬಿಕೆಯ ಮೇಲೇ ವ್ಯಾಪಾರ ನಡೆಯುತ್ತದೆ. ಉಚಿತ ಪರೀಕ್ಷೆ ಎಂದು ಮನೆಗೆ ಬಂದವನು ಎರಡು ಲೋಟ ಇಡುತ್ತಾನೆ, ಒಂದರಲ್ಲಿ ನಿಮ್ಮ ಬಾವಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಇಳಿಸುತ್ತಾನೆ. ನಿಮ್ಮ ಲೋಟ ಕಂದು ಬಗ್ಗಡವಾಗುತ್ತದೆ, ಅವನದು ತಿಳಿಯಾಗಿಯೇ ಉಳಿಯುತ್ತದೆ. ಆ ಬಗ್ಗಡ ಕಡ್ಡಿಯ ಕಬ್ಬಿಣವೇ ಕರಗಿ ಬಂದ ತುಕ್ಕು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಹರಿಯುವುದಿಲ್ಲ, ಅಷ್ಟೇ. ಒಳ್ಳೆಯ ಕಾವೇರಿ ನೀರೂ ಹಾಗೇ ಕಂದಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೇ ಆಟ ನೋಡಿದವರೂ ಅಲ್ಲಿ ಹೋಗಿ ಸಾವಿರಾರು ಡಾಲರಿನ ಸಾಫ್ಟ್‌ನರ್‌ಗೆ ಸಹಿ ಹಾಕುತ್ತಾರೆ. ಸಾಫ್ಟ್‌ನರ್ ಗಡಸುತನ ತೆಗೆದು ಸೋಡಿಯಂ ಸೇರಿಸುತ್ತದೆ. ಆರ್ಸೆನಿಕ್, ನೈಟ್ರೇಟ್ ಇದ್ದಲ್ಲೇ ಇರುತ್ತವೆ. ಮಾರಲು ಬಂದವನ ಕೈಗೆ ಪರೀಕ್ಷೆ ಕೊಡಲೇಬೇಡಿ.

ರಾಜ್ಯದ ಮಾನ್ಯತೆ ಇರುವ ಲ್ಯಾಬ್‌ಗಳ ಪಟ್ಟಿ ಅಲ್ಲಿನ ಆರೋಗ್ಯ ಅಥವಾ ಪರಿಸರ ಇಲಾಖೆಯಲ್ಲಿ ಸಿಗುತ್ತದೆ. ಪ್ರತಿ ವರ್ಷ ಕೋಲಿಫಾರ್ಮ್ ಬ್ಯಾಕ್ಟೀರಿಯಾ, ನೈಟ್ರೇಟ್, ಪಿಎಚ್, ಟಿಡಿಎಸ್ ಮಾಡಿಸಿ. ಮನೆ ಕೊಳ್ಳುವಾಗ ಆರ್ಸೆನಿಕ್, ಸೀಸ, ಯುರೇನಿಯಂ, ಫ್ಲೋರೈಡ್, ಮ್ಯಾಂಗನೀಸ್ ಸೇರಿಸಿ. ಸುತ್ತ ಪೆಟ್ರೋಲ್ ಬಂಕ್, ವಿಮಾನ ನಿಲ್ದಾಣ, ಹೊಲ ಇದ್ದರೆ ಇನ್ನೇನು ಬೇಕೆಂದು ಕೌಂಟಿಯ (ಅಲ್ಲಿನ ಜಿಲ್ಲೆಯ) ಆರೋಗ್ಯ ಕಚೇರಿಯನ್ನು ಕೇಳಿ.

ನೀರು ಹಿಡಿಯುವುದರಲ್ಲೇ ಎಷ್ಟೋ ವರದಿಗಳು ಕೆಡುತ್ತವೆ. ಬೇಸ್‌ಮೆಂಟಿನ ಪ್ರೆಷರ್ ಟ್ಯಾಂಕ್ ಬಳಿ, ಸಾಫ್ಟ್‌ನರ್‌ಗಿಂತ ಮೊದಲಿರುವ ನಲ್ಲಿಯಿಂದ ಹಿಡಿಯಿರಿ. ಕೆಲವು ನಿಮಿಷ ತಣ್ಣೀರು ಹರಿಯಬಿಟ್ಟ ಮೇಲೆ. ಸೀಸಕ್ಕೆ ಇದು ತಿರುವುಮುರುವು: ಆರು ಗಂಟೆ ಯಾರೂ ನಲ್ಲಿ ತಿರುಗಿಸದ ಮೇಲೆ ಅಡುಗೆಮನೆಯ ಮೊದಲ ನೀರೇ ಬೇಕು, ಏಕೆಂದರೆ ಸೀಸ ಬರುವುದು ಹೆಚ್ಚಾಗಿ ಪೈಪು, ನಲ್ಲಿಗಳಿಂದ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬ್ ಕೊಟ್ಟ ಬಾಟಲಿಯನ್ನು ತೊಳೆಯಬೇಡಿ. ಪಾತ್ರೆ ಕಂಡರೆ ಗಲಬರಿಸುವುದು ನಮ್ಮ ಕೈಯ ಅಭ್ಯಾಸ. ಬಾಟಲಿಯೊಳಗಿನ ಬಿಳಿ ಪುಡಿ ಕ್ಲೋರಿನ್ ಹೀರಲೆಂದೇ ಹಾಕಿದ್ದು. ಐಸ್‌ನಲ್ಲಿಟ್ಟು 30 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು, ಹಾಗಾಗಿ ಶುಕ್ರವಾರ ಹಿಡಿಯಬೇಡಿ.

ಬಾವಿಗೆ ಇತ್ತೀಚೆಗೆ ಬ್ಲೀಚ್ ಸುರಿದಿದ್ದೀರಾ ಎಂದು ಮಾರುವವರನ್ನು ಕೇಳಿ. ಸುರಿದ ಮರುದಿನದ ವರದಿ ಬ್ಲೀಚಿನದು, ಬಾವಿಯದಲ್ಲ. ಒಂದೆರಡು ವಾರ ಬಿಟ್ಟು ಮತ್ತೆ ಪರೀಕ್ಷಿಸಿ.

ವರದಿ ಓದುವಾಗ ನೈಟ್ರೇಟ್ ಅಂಕಿಯ ಎದುರು ಎಚ್ಚರ. ಭಾರತದ ಮಿತಿ 45 ಮಿಲಿಗ್ರಾಂ, ಅಮೆರಿಕದ್ದು 10. ಅವರು ನೈಟ್ರೇಟಿನೊಳಗಿನ ನೈಟ್ರೋಜನ್ ಮಾತ್ರ ಲೆಕ್ಕ ಹಾಕುತ್ತಾರೆ, ಅದನ್ನು 4.43ರಿಂದ ಗುಣಿಸಿದರೆ ನಮ್ಮ ಲೆಕ್ಕ. ವರದಿಯಲ್ಲಿ 12 ಇದ್ದರೆ ನಮ್ಮ ಲೆಕ್ಕದಲ್ಲಿ 53, ಮಿತಿ ದಾಟಿದೆ. ಹಸುಗೂಸಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕದಡಿ ಕೊಟ್ಟರೆ ರಕ್ತ ಆಮ್ಲಜನಕ ಒಯ್ಯಲಾರದೆ ಮೈ ನೀಲಿಗಟ್ಟಬಹುದು. ಬಾಣಂತನಕ್ಕೆ ಬಂದ ಅಮ್ಮನಿಗೂ ಹೇಳಿಬಿಡಿ: ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ನೀರು ಇಂಗಿದಷ್ಟೂ ನೈಟ್ರೇಟ್, ಆರ್ಸೆನಿಕ್ ಸಾಂದ್ರವಾಗುತ್ತವೆ.

ಈ ಎರಡಕ್ಕೆ ಸಿಂಕಿನ ಕೆಳಗಿನ ಆರ್‌ಒ ಸಾಮಾನ್ಯವಾಗಿ ಸಾಕು, ಇಡೀ ಮನೆಗೆ ಬೇಕಿಲ್ಲ. ಆದರೆ ನೀರಿನಲ್ಲಿ ಆರ್ಸೆನಿಕ್‌ಗೆ ಎರಡು ರೂಪಗಳಿವೆ, ಆರ್ಸೆನಿಕ್ 3 ಮತ್ತು ಆರ್ಸೆನಿಕ್ 5. ಆರ್ಸೆನಿಕ್ 3 ಆರ್‌ಒ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಮೊದಲು ಕ್ಲೋರಿನ್‌ನಂಥದರಿಂದ ಅದನ್ನು ಆರ್ಸೆನಿಕ್ 5ಕ್ಕೆ ಬದಲಿಸಬೇಕು. ಆರ್‌ಒ ಕೂರಿಸಿದ ಮೇಲೆ ಅದರ ನಲ್ಲಿಯ ನೀರನ್ನೂ ಒಂದು ಬಾಟಲಿಯಲ್ಲಿ ಅದೇ ಲ್ಯಾಬ್‌ಗೆ ಕಳಿಸಿ.